ನಿಂತು ಕಾಯುತ್ತಿದ್ದವನು ಕುರ್ಚಿಯಲ್ಲಿ ಕೂತ ದಿನ

ಚರ್ಮವೈದ್ಯರ ಕ್ಲಿನಿಕ್ಕುಗಳಲ್ಲಿ ನಾನು ಹತ್ತೊಂಬತ್ತು ವರ್ಷ ನಿಂತೇ ಇದ್ದವನು. ನಾನೊಬ್ಬ ಮೆಡಿಕಲ್ ರೆಪ್, ಔಷಧಿ ಕಂಪನಿಯ ಪ್ರತಿನಿಧಿ. ಕುರ್ಚಿ ಇರುವುದು ಪೇಷಂಟುಗಳಿಗೆ. ನಾವು ಗೋಡೆಗೆ ಒರಗದೆ, ಬ್ಯಾಗನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಕಂಪೌಂಡರ್ ಕಣ್ಸನ್ನೆ ಮಾಡುವ ತನಕ ನಿಂತಿರಬೇಕು. ಕುರ್ಚಿ ಖಾಲಿ ಇದ್ದರೂ ಕೂರುವುದಿಲ್ಲ. ಹಾಗಂತ ಯಾರೂ ಬರೆದಿಟ್ಟಿಲ್ಲ, ಆದರೆ ಕೂತ ರೆಪ್ ಒಬ್ಬನನ್ನೂ ನಾನು ನೋಡಿಲ್ಲ. ಮುಂಬೈ ಹೊರಗಿನ ಡೊಂಬಿವಲಿ, ಕಲ್ಯಾಣ್, ಅಂಬರನಾಥ, ವಾರಕ್ಕೊಂದು ದಿನ ಠಾಣೆ, ಇದು ನನ್ನ ಲೈನು. ಈ ಊರುಗಳ ಚರ್ಮವೈದ್ಯರ ಬಾಗಿಲುಗಳಲ್ಲಿ ಯಾವುದು ಕಿರ್ರೆನ್ನುತ್ತದೆ, ಯಾವುದು ಇಲ್ಲ ಎಂಬುದೂ ನನಗೆ ಗೊತ್ತು.

ನಮ್ಮ ಕಂಪನಿ ವಿದೇಶದ್ದು. ಚರ್ಮದ ಔಷಧಿ ಬಿಟ್ಟು ಬೇರೇನೂ ಮಾಡುವುದಿಲ್ಲ, ಒಂದು ಕೆಮ್ಮಿನ ಸಿರಪ್ ಸಹ ಇಲ್ಲ. ಅದಕ್ಕೆ ಮಾಲೀಕರೂ ಇಲ್ಲ. ಹಿಂದೆ ಮಾಲೀಕರಾಗಿದ್ದವರು ಇಡೀ ಕಂಪನಿಯನ್ನು ಒಂದು ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟರಂತೆ. ಮೊದಲ ಟ್ರೇನಿಂಗಿನಲ್ಲೇ ನಮಗೆ ಇದನ್ನು ಹೇಳಿಕೊಟ್ಟಿದ್ದರು, ನಾನೂ ಸಿಕ್ಕಸಿಕ್ಕವರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಟ್ರೇನಿಂಗಿನಲ್ಲಿ ಕಲಿತ ಇನ್ನೊಂದು ಮಾತನ್ನು ಡಾಕ್ಟರುಗಳ ಎದುರು ಎಷ್ಟು ಸಾವಿರ ಸಲ ಒಪ್ಪಿಸಿದ್ದೇನೋ ಲೆಕ್ಕವಿಲ್ಲ. ಸೋರಿಯಾಸಿಸ್ ಅಂಟುವ ಕಾಯಿಲೆಯಲ್ಲ. ಪೇಷಂಟನ್ನು ಮುಟ್ಟಿ ಮಾತಾಡಿಸಿ.

ಹೀಗೆ ಹೇಳಿಕೊಂಡು ತಿರುಗುತ್ತಿದ್ದವನ ಬಲಗೈಯ ಮೊಣಕೈ ಮೇಲೆ ಒಂದು ಗಣೇಶ ಚೌತಿಯ ಮರುವಾರ ಎಂಟಾಣೆಯಷ್ಟು ಅಗಲದ ಕೆಂಪು ಕಲೆ ಕಾಣಿಸಿತು. ಮೇಲೆ ಬಿಳಿ ಹೊಟ್ಟು. ಸ್ನಾನದ ಮನೆಯಲ್ಲಿ ಒಂದು ನಿಮಿಷ ನೋಡಿದೆ. ಯಾವ ಡಾಕ್ಟರೂ ಬೇಕಾಗಲಿಲ್ಲ. ನನ್ನ ಬ್ಯಾಗಿನಲ್ಲಿದ್ದ ಫೋಲ್ಡರಿನ ನಾಲ್ಕನೇ ಪುಟದಲ್ಲಿ ಇದೇ ಚಿತ್ರ ಇತ್ತು. ಆ ಪುಟವನ್ನು ದಿನಕ್ಕೆ ಹತ್ತು ಸಲ ಮಗುಚುತ್ತಿದ್ದವನು ನಾನು.

ಕಾಯಿಲೆಯ ಬಗ್ಗೆ ಓದಬೇಕಾದರೆ ಮೊಬೈಲಿನಲ್ಲಿ ಬೇಕಾದಷ್ಟು ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಮಾಡಿದ ಮೂರ್ಖತನವನ್ನು ಬರೆಯುತ್ತೇನೆ. ಯಾರಾದರೂ ಈಗ ಇದನ್ನೇ ಮಾಡುತ್ತಿದ್ದರೆ ಅವರಿಗೆ ಜೊತೆ ಆದೀತು.

ಡಾಕ್ಟರುಗಳಿಗೆ ಕೊಡಲಿಕ್ಕೆಂದು ನಮಗೆ ಸ್ಯಾಂಪಲ್ ಬರುತ್ತದೆ. ಕಿರುಬೆರಳಿನಷ್ಟು ಪುಟ್ಟ ಟ್ಯೂಬುಗಳು, ಮೇಲೆ ಮಾರಾಟಕ್ಕಲ್ಲ ಎಂಬ ಮುದ್ರೆ. ಅದು ಡಾಕ್ಟರಿಗೇ ಸೇರಬೇಕಾದದ್ದು. ನಾನು ಬ್ಯಾಗಿನ ಜಿಪ್ ತೆಗೆದು ಒಂದು ಟ್ಯೂಬನ್ನು ಜೇಬಿಗೆ ಹಾಕಿದೆ. ಹೋಟೆಲಿನವನು ಸ್ವಂತ ಹೋಟೆಲಿನ ಬನ್ಸ್ ತಿಂದ ಹಾಗೆ ಅಷ್ಟೆ, ಅದರಲ್ಲಿ ಎಂತ ತಪ್ಪು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ವಾರದಲ್ಲಿ ಕಲೆ ಮಾಯವಾಯಿತು. ಮತ್ತೊಂದು ವಾರದಲ್ಲಿ ಎರಡಾಗಿ ಬಂತು. ತಲೆಗೆ ಹತ್ತಿತು, ಕಿವಿಯ ಹಿಂದೆ ಇಳಿಯಿತು. ಕೊನೆಗೆ ಕೈಗೆ ಬಂತು, ಬೆರಳ ಗಂಟುಗಳ ಮೇಲೆ, ಅಂಗೈಯಲ್ಲಿ. ಉಗುರುಗಳ ಮೇಲೆ ದರ್ಜಿಯ ಬೆರಳುಟೊಪ್ಪಿಯ ಹಾಗೆ ಸಣ್ಣ ಸಣ್ಣ ಗುಳಿ. ನಮ್ಮ ಕಸುಬಿನಲ್ಲಿ ಕೈಯೇ ಮೊದಲು ಕಾಣುವುದು. ಫೋಲ್ಡರನ್ನು ಡಾಕ್ಟರ ಮೇಜಿನ ಮೇಲೆ ಬಿಡಿಸಿ ಬೆರಳಿಟ್ಟು ತೋರಿಸಬೇಕಲ್ಲ. ನಾನು ಪೆನ್ನಿನ ತುದಿಯಿಂದ ತೋರಿಸಲು ಕಲಿತೆ.

ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದು ಕೇಳಬಹುದು. ನನಗೆ ಗೊತ್ತಿರುವ ಚರ್ಮವೈದ್ಯರೆಲ್ಲ ನನ್ನ ಲೈನಿನವರು. ಅವರ ಎದುರು ಅಂಗಿ ಬಿಚ್ಚಿದರೆ ನಾಳೆ ಅದೇ ಬಾಯಲ್ಲಿ ಔಷಧಿಯ ಗುಣಗಾನ ಮಾಡುವುದು ಹೇಗೆ? ಅದು ಒಂದು ಕಾರಣ. ದೊಡ್ಡ ಕಾರಣ ನನ್ನ ಮಗಳು ಪ್ರಜ್ಞಾ.

ಪ್ರಜ್ಞಾ ಐರೋಲಿಯ ಆಫೀಸಿನಲ್ಲಿ ಕೆಲಸ ಮಾಡುವವಳು. ಅಲ್ಲಿಯೇ ನಿತೇಶ ಎಂಬ ಹುಡುಗನ ಪರಿಚಯವಾಗಿ, ಅದು ಮದುವೆಯ ಮಾತಿನವರೆಗೆ ಬಂದಿತ್ತು. ಅವರೂ ನಮ್ಮ ಹಾಗೆಯೇ ತುಳು ಮಾತಾಡುವ ಊರಿನ ಕಡೆಯವರೇ. ಹುಡುಗನ ಅಪ್ಪ ಭಾಸ್ಕರಣ್ಣನದು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹಿಂದೆ ಊಟದ ಹೋಟೆಲು, ಮನೆ ಘಣಸೋಲಿಯಲ್ಲಿ. ಒಳ್ಳೆಯ ಜನ. ಎಲ್ಲ ಸರಿಯಾಗಿತ್ತು, ನನ್ನ ಚರ್ಮ ಒಂದು ಬಿಟ್ಟು.

“ಹೆಣ್ಣಿನ ಅಪ್ಪನಿಗೆ ಚರ್ಮದ ಕಾಯಿಲೆ ಅಂತ ಗೊತ್ತಾದ್ರೆ ಮುಗೀತು. ವಂಶದಲ್ಲಿ ಉಂಟು ಅಂತಾರೆ. ನಮ್ಮವರ ಬಾಯಿ ನಿಮಗೆ ಗೊತ್ತಿಲ್ವಾ?” ಎಂದಳು ನನ್ನ ಹೆಂಡತಿ ಸುಜಾತಾ.

ನನಗೆ ಗೊತ್ತಿತ್ತು. ಕಾರ್ಕಳದಿಂದ ಅವಳ ಅಮ್ಮ ಫೋನಿನಲ್ಲಿ ಆಗಲೇ ತೀರ್ಪು ಕೊಟ್ಟಾಗಿತ್ತು. ನಾಗದೋಷ! ನಮ್ಮ ಊರಿನ ಕಡೆ ಮೈಮೇಲೆ ಒಂದು ಕಜ್ಜಿ ಎದ್ದರೂ ಮೊದಲು ನೆನಪಾಗುವುದು ನಾಗ. ಯಾರೋ ಎಂದೋ ನಾಗಬನದ ಮರ ಕಡಿದಿರಬೇಕು, ಕಲ್ಲು ಕದಲಿಸಿರಬೇಕು. ನಾನು ಆ ಫೋನು ಕಸಿದುಕೊಂಡು, “ಅತ್ತೆ, ನನ್ನ ಅಜ್ಜ ಮುಂಬೈಗೆ ಬಂದು ಅರುವತ್ತು ವರ್ಷ ಆಯ್ತು. ಇಲ್ಲಿ ಮರವೂ ಇಲ್ಲ, ಕಲ್ಲೂ ಇಲ್ಲ” ಎಂದೆ. ಅತ್ತೆ ಫೋನಿಟ್ಟರು. ಸುಜಾತಾ ಎರಡು ದಿನ ಮಾತು ಬಿಟ್ಟಳು.

ಆದರೂ ನನ್ನ ಗುಟ್ಟನ್ನು ಕಾದವಳು ಅವಳೇ. ಮನೆಯ ಬಣ್ಣದ ಹಾಸುಗಳನ್ನೆಲ್ಲ ಕಟ್ಟಿಟ್ಟು ಬಿಳಿಯ ಹಾಸು ತಂದಳು, ಹೊಟ್ಟು ಕಾಣಬಾರದಲ್ಲ. ಬೆಳಗ್ಗೆ ಪ್ರಜ್ಞಾ ಏಳುವ ಮೊದಲು ಮಂಚದ ಸುತ್ತ ಗುಡಿಸುತ್ತಿದ್ದಳು. ನನ್ನ ಕಪ್ಪು ಪ್ಯಾಂಟುಗಳು ಬೀರುವಿನ ಮೇಲ್ಗಡೆಗೆ ಹೋದವು. ಪ್ರತಿ ಭಾನುವಾರ ನನ್ನ ತಲೆಗೆ ತೆಂಗಿನೆಣ್ಣೆ ಹಾಕಿ ತಿಕ್ಕುವುದು ಚಿಕ್ಕಂದಿನಿಂದ ಪ್ರಜ್ಞಾಳ ಕೆಲಸ. ಒಂದು ಭಾನುವಾರ ಅವಳು ಎಣ್ಣೆ ಬಟ್ಟಲು ಹಿಡಿದು ಬಂದಾಗ, “ನಾನೇನು ಸಣ್ಣ ಮಗುವಾ? ಹೋಗು ಅತ್ಲಾಗೆ!” ಎಂದು ಗದರಿಸಿದೆ. ಅವಳು ಬಟ್ಟಲನ್ನು ಅಡುಗೆಮನೆಯಲ್ಲಿಟ್ಟು ಕೋಣೆಗೆ ಹೋದಳು. ಅಂದಿನಿಂದ ನಾನು ಅವಳನ್ನು ಮುಟ್ಟಲಿಲ್ಲ. ಅಂಟುವುದಿಲ್ಲ ಎಂದು ಊರಿಗೆಲ್ಲ ಸಾರುತ್ತಿದ್ದವನು ಸ್ವಂತ ಮಗಳನ್ನು ಮುಟ್ಟಲಿಕ್ಕೆ ಹೆದರಿದೆ.

ನಿಶ್ಚಿತಾರ್ಥಕ್ಕೆ ಕೈ ಶುದ್ಧ ಇರಬೇಕೆಂದು ನಾನು ಟ್ಯೂಬಿನ ಮೇಲೆ ಟ್ಯೂಬು ಖಾಲಿ ಮಾಡಿದೆ. ಹಚ್ಚಿ, ಮೇಲಿಂದ ಪ್ಲಾಸ್ಟಿಕ್ ಸುತ್ತಿ ಮಲಗುತ್ತಿದ್ದೆ. ಕೆಲವೇ ವಾರ ಹಚ್ಚಬೇಕಾದ ಮುಲಾಮನ್ನು ಐದು ತಿಂಗಳು ಹಚ್ಚಿದೆ. ಅದನ್ನು ಹಾಗೆ ಹಚ್ಚಬಾರದು ಎಂದು ಡಾಕ್ಟರುಗಳಿಗೆ ಹೇಳಿಕೊಡುವುದೇ ನನ್ನ ಕೆಲಸವಾಗಿತ್ತು. ಯಾರಲ್ಲಿ ಹೇಳಲಿ ನನ್ನ ಬುದ್ಧಿಯನ್ನು!

ಕೈ ಶುದ್ಧವಾಯಿತು. ಘಣಸೋಲಿಯ ಅವರ ಮನೆಯಲ್ಲಿ ನಿಶ್ಚಿತಾರ್ಥದ ದಿನ ನನ್ನ ಅಂಗೈ ತೆಳ್ಳಗೆ, ಕೆಂಪಗೆ, ಹೊಳೆಯುತ್ತಿತ್ತು, ಅಷ್ಟೆ. ಊಟವಾದ ಮೇಲೆ ವೀಳ್ಯ ಮೆಲ್ಲುತ್ತಾ ಭಾಸ್ಕರಣ್ಣ ನನ್ನ ಕೆಲಸದ ವಿಷಯ ತೆಗೆದರು.

“ನಿಮ್ಮ ಕಂಪನಿಯ ಮಾಲೀಕ ಯಾರು ವಸಂತಣ್ಣ?”

“ಮಾಲೀಕ ಅಂತ ಯಾರೂ ಇಲ್ಲ. ಒಂದು ಫೌಂಡೇಶನ್ನಿನದ್ದು.”

“ಅಂದ್ರೆ ದೇವಸ್ಥಾನದ ಹಾಗೆ.”

“ಹೆಚ್ಚುಕಮ್ಮಿ ಹಾಗೇ.”

“ಮತ್ತೆ ಬಯ್ಯುವವರು ಯಾರು ಮಾರಾಯ್ರೆ?” ಎಂದರು. ಎಲ್ಲರೂ ನಕ್ಕರು.

ನಗು ನಿಂತ ಮೇಲೆ ಅವರೇ ಮುಂದುವರಿಸಿದರು. “ಚರ್ಮದ್ದು ಮಾತ್ರ ಬೇಡ ಅನಿಸ್ತದೆ ನನಗೆ. ನಮ್ಮಲ್ಲಿ ಅಣ್ಣು ಅಂತ ಅಡುಗೆಯವ ಇದ್ದ. ಹದಿನಾಲ್ಕು ವರ್ಷ. ಅವನ ಕೈಯ ಸಾಂಬಾರಿಗೇ ಲಾರಿಯವರು ಬರ್ತಾ ಇದ್ರು. ಮೆಲ್ಲ ಕೈಯಲ್ಲಿ ಒಂದು ನಮೂನೆ ಹುಡಿ ಏಳ್ಲಿಕ್ಕೆ ಶುರು ಆಯ್ತು. ಗಿರಾಕಿ ನೋಡಿದ್ರೆ ಹೋಟೆಲು ಮುಚ್ಚಬೇಕು. ಮರುದಿನವೇ ಊರಿನ ಬಸ್ಸು ಹತ್ತಿಸಿ ಬಿಟ್ಟೆ. ಎಂತ ಮಾಡುವುದು ಹೇಳಿ, ಅಂಟಿದ್ರೆ?”

ಆ ಕೋಣೆಯಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಹತ್ತೊಂಬತ್ತು ವರ್ಷ ಬಾಯಿಪಾಠ ಮಾಡಿದ ಉತ್ತರ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, “ಹೌದು ಹೌದು, ಎಂತ ಮಾಡ್ಲಿಕ್ಕೆ ಆಗ್ತದೆ” ಎಂದು ತಲೆಯಾಡಿಸಿದೆ. ಆ ಕ್ಷಣದ ನಾಚಿಕೆ ಇಂದಿಗೂ ಹೋಗಿಲ್ಲ. ಕಾಯಿಲೆಯಿಂದ ನಾನು ಪಟ್ಟ ಎಲ್ಲ ಪಾಡಿಗಿಂತ ಅದು ಹೆಚ್ಚು ಉರಿದಿದೆ.

ಮದುವೆಗೆ ಮೂರು ತಿಂಗಳಿತ್ತು. ಮೈಯಲ್ಲಿ ಒಂದು ಕಲೆಯೂ ಇರಲಿಲ್ಲ. ಗೆದ್ದೆ ಎಂದುಕೊಂಡು ಮುಲಾಮನ್ನು ಒಂದೇ ಸಲಕ್ಕೆ ನಿಲ್ಲಿಸಿದೆ. ಹತ್ತನೇ ದಿನ ಕುತ್ತಿಗೆಯಿಂದ ಪಾದದವರೆಗೆ ಕೆಂಪೇರಿತು. ಮೈ ಮುಟ್ಟಿದರೆ ಸುಡುತ್ತಿತ್ತು, ಒಳಗೆ ಮಾತ್ರ ಚಳಿ. ಮೇ ತಿಂಗಳ ಮಧ್ಯಾಹ್ನ ಕಲ್ಯಾಣ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಸ್ವೆಟರ್ ಹಾಕಿಕೊಂಡು ಗಡಗಡ ನಡುಗಿದ ಮನುಷ್ಯ ನಾನೊಬ್ಬನೇ ಇರಬೇಕು. ಲೋಕಲ್ ಬಂತು, ಹೋಯಿತು, ಇನ್ನೊಂದು ಬಂತು. ಹತ್ತಲಿಕ್ಕೆ ಕಾಲಿನ ಚರ್ಮ ಮಡಚಲಿಲ್ಲ, ಬಿರಿದು ನೀರಿಳಿಯುತ್ತಿತ್ತು. ಸಾಯುತ್ತೇನೆ ಎಂದು ನಾನು ಮೊದಲ ಸಲ ಹೆದರಿದ್ದು ಅಲ್ಲಿ. ಅದರ ಜೊತೆಗೇ, ಸತ್ತರೆ ಸೂತಕ, ಮದುವೆ ಮುಂದೆ ಹೋಗುತ್ತದಲ್ಲ ಎಂದೂ ಅನಿಸಿತು.

ಹೇಗೋ ಡೊಂಬಿವಲಿಗೆ ಬಂದು, ಪೂರ್ವದಲ್ಲಿರುವ ನಮ್ಮ ಡಾಕ್ಟರ್ ಮೇಡಂ ಕ್ಲಿನಿಕ್ಕಿಗೆ ಹೋದೆ. ಮರಾಠಿಯವರು, ನನ್ನ ಮೊದಲ ವರ್ಷದಿಂದ ನಾನು ಹೋಗುತ್ತಿದ್ದ ಕ್ಲಿನಿಕ್ಕು. ಕಂಪೌಂಡರ್ ಪಾಂಡುರಂಗ ನನ್ನನ್ನು ನೋಡಿದವನೇ, ಎಂದಿನಂತೆ ಸರ್‌ನೇಮ್ ಹಿಡಿದು, “ಸಾಲಿಯಾನ್, ಆಜ್ ಎಂ.ಆರ್. ಕಾ ದಿನ್ ನಹೀ ಹೈ” ಎಂದ, ಇವತ್ತು ರೆಪ್‌ಗಳ ದಿನವಲ್ಲ ಎಂದು.

“ಪೇಷಂಟ್ ಹೂಂ” ಎಂದೆ. ಆ ಎರಡು ಶಬ್ದ ಹೇಳಲಿಕ್ಕೆ ನನಗೆ ಒಂಬತ್ತು ತಿಂಗಳು ಹಿಡಿದಿತ್ತು.

ಕುರ್ಚಿಯಲ್ಲಿ ಕೂತೆ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ನನ್ನ ಕುತ್ತಿಗೆ ನೋಡಿದಳು, ಕೈ ನೋಡಿದಳು, ಮೆಲ್ಲನೆ ಎದ್ದು ಆಚೆ ಸಾಲಿಗೆ ಹೋದಳು. ಅವಳ ಗಲ್ಲದ ಮೇಲೂ ಏನೋ ಒಂದು ಕಲೆ ಇತ್ತು. ಎಲ್ಲರೂ ಚರ್ಮದ ಪೇಷಂಟುಗಳೇ ಇರುವ ಆ ಕೋಣೆಯಲ್ಲೂ ನನ್ನ ಪಕ್ಕ ಖಾಲಿಯಾಯಿತು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಣ್ಣುವಿನ ನೆನಪಾಯಿತು.

ಒಳಗೆ ಮೇಡಂ ಒಂದು ಸಲ ನೋಡಿದರು. ಗ್ಲೌಸ್ ಹಾಕಿಕೊಳ್ಳಲಿಲ್ಲ. ನನ್ನ ಅಂಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಏನು ಹಚ್ಚುತ್ತಿದ್ದೆ ಎಂದು ಕೇಳಿದರು. ಹೇಳಿದೆ. ಎಷ್ಟು ದಿನ ಎಂದರು. ಅದನ್ನೂ ಹೇಳಿದೆ. ಅವರು ನನ್ನ ಕೈ ಬಿಟ್ಟು, ಡ್ರಾಯರ್ ಎಳೆದು, ಒಂದು ಕರಪತ್ರ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಕಂಪನಿಯದೇ.

“ಯೇ ಮುಝೆ ಕಿಸ್ನೆ ದಿಯಾ ಥಾ?” ಇದನ್ನು ನನಗೆ ಕೊಟ್ಟವರು ಯಾರು ಎಂದು ಕೇಳಿದರು.

“ಮೈನೇ, ಮೇಡಂ.”

“ಪಢೋ.”

ಓದಿದೆ. ದೀರ್ಘಕಾಲ ಹಚ್ಚಬಾರದು, ಮೇಲೆ ಸುತ್ತಿ ಕಟ್ಟಬಾರದು, ತಟ್ಟನೆ ನಿಲ್ಲಿಸಬಾರದು. ಓದುವ ಅಗತ್ಯವೇ ಇರಲಿಲ್ಲ, ಕಣ್ಣು ಮುಚ್ಚಿದರೂ ಬರುತ್ತಿತ್ತು. ಮೂರನೇ ಸಾಲು ದಾಟಲಿಲ್ಲ. ಐವತ್ತೆರಡು ವರ್ಷದ ಗಂಡಸು, ಟೈ ಕಟ್ಟಿಕೊಂಡು ಅವರೆದುರು ಅತ್ತುಬಿಟ್ಟೆ. ಮೇಡಂ ಬಯ್ಯುತ್ತಲೇ ನೀರಿನ ಲೋಟ ಸರಿಸಿದರು. ಬಯ್ಯುತ್ತಲೇ ಠಾಣೆಯ ಆಸ್ಪತ್ರೆಗೆ ಚೀಟಿ ಬರೆದರು. ಕೊನೆಗೆ ಮತ್ತೆ ಕೈ ಹಿಡಿದು, “ಬಚ್ ಜಾಯೇಗಾ. ಅಬ್ ಡಾಕ್ಟರ್ ಮತ್ ಬನ್” ಎಂದರು, ಬದುಕಿಕೊಳ್ಳುತ್ತೀಯ, ಇನ್ನು ಡಾಕ್ಟರಾಗಲು ಹೋಗಬೇಡ ಎಂದು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಮೊದಲ ಮೂರು ದಿನಗಳದ್ದು ಹೆಚ್ಚು ನೆನಪಿಲ್ಲ, ಕೈಗೆ ಸಲೈನ್, ಮೈಗೆ ಅಂಟುವ ಹಾಸು. ಮಗ್ಗುಲು ಬದಲಿಸಿದರೆ ಚರ್ಮದ ಒಂದು ಪದರ ಹಾಸಿನಲ್ಲೇ ಉಳಿಯುತ್ತಿತ್ತು. ನೆನಪಿರುವುದು ವಾರ್ಡಿನಲ್ಲಿ ಎಲ್ಲರೂ ಮಾವಶಿ ಎಂದು ಕರೆಯುತ್ತಿದ್ದ ಆಯಾಳ ಕೈ. ಬೆಳಗ್ಗೆ ಸಂಜೆ ಅವಳು ನನ್ನ ಮೈಗೆಲ್ಲ ಎಣ್ಣೆಯಂಥ ದ್ರವ ಹಚ್ಚುತ್ತಿದ್ದಳು. ತಲೆಯಿಂದ ಕಾಲಿನವರೆಗೆ, ಅವಸರವಿಲ್ಲದೆ, ಬೆರಳ ಸಂದುಗಳನ್ನೂ ಬಿಡದೆ. ಮಗಳ ಲಗ್ನ ಯಾವಾಗ ಎಂದು ದಿನಾ ಕೇಳುತ್ತಿದ್ದಳು. ದಿನಾ ಹೇಳುತ್ತಿದ್ದೆ. “ತೋಪರ್ಯಂತ್ ಬರಂ ಹೋಯೀಲ್” ಎನ್ನುತ್ತಿದ್ದಳು, ಅಷ್ಟರಲ್ಲಿ ವಾಸಿಯಾಗುತ್ತದೆ ಎಂದು. ಯಾರೂ ಮುಟ್ಟದೆ ತಿಂಗಳುಗಟ್ಟಲೆ ಕಳೆದವನಿಗೆ ಆ ಕೈಯೇ ಅರ್ಧ ಮದ್ದಾಯಿತು. ಅವಳ ಹೆಸರು ಕೇಳಲು ಮರೆತೆ, ಅದು ಈಗಲೂ ಚುಚ್ಚುತ್ತದೆ.

ಆಸ್ಪತ್ರೆಯಿಂದಲೇ ಕಂಪನಿಯ ಮ್ಯಾನೇಜರಿಗೆ ಫೋನು ಮಾಡಿ ಸ್ಯಾಂಪಲ್ ವಿಷಯ ಒಪ್ಪಿಕೊಂಡೆ. ಮಾಲೀಕರಿಲ್ಲದ ಕಂಪನಿಯಲ್ಲೂ ಬಯ್ಯುವವರು ಇದ್ದರು. ಎಚ್ಚರಿಕೆಯ ಪತ್ರ ಬಂತು. ಕೆಲಸ ಹೋಗಲಿಲ್ಲ.

ಸುಜಾತಾ ದಿನಾ ಡೊಂಬಿವಲಿಯಿಂದ ಊಟದ ಡಬ್ಬಿ ತರುತ್ತಿದ್ದಳು. ಎದುರು ಕೂತು ತಾನೂ ತಿನ್ನುತ್ತಿದ್ದಳು. ನಾಲ್ಕನೇ ದಿನ ಗಮನಿಸಿದೆ, ಅವಳ ಡಬ್ಬಿಯಲ್ಲಿ ಮೀನಿಲ್ಲ. ಮನೆಯಲ್ಲಿ ನಾನು ರಾತ್ರಿ ತಡವಾಗಿ ಒಬ್ಬನೇ ಉಣ್ಣುವವನು, ಅವಳ ತಟ್ಟೆ ನೋಡಿದ್ದೇ ಕಡಿಮೆ. ಮೀನಿಲ್ಲದೆ ಒಂದು ತುತ್ತು ಇಳಿಯದವಳು! ಬಂಗುಡೆ ಒಳ್ಳೆಯದು ಸಿಕ್ಕಿತೆಂದರೆ ಮಾರ್ಕೆಟ್ಟಿನಿಂದಲೇ ನನಗೆ ಫೋನು ಮಾಡುವವಳು.

“ನಿನ್ನ ಮೀನೆಲ್ಲಿ?”

“ಹೊಟ್ಟೆ ಉರಿ ಮಾರಾಯ್ರೆ. ಡಾಕ್ಟ್ರು ಬೇಡ ಅಂದಿದ್ದಾರೆ.”

“ಯಾವ ಡಾಕ್ಟ್ರು?”

ಅವಳು ಡಬ್ಬಿಯ ಮುಚ್ಚಳ ಹಾಕಿದಳು. “ನಾಗನಿಗೆ ಹೇಳಿಕೊಂಡಿದ್ದೇನೆ. ನಿಮಗೆ ಗುಣ ಆಗುವವರೆಗೆ ಮುಟ್ಟುವುದಿಲ್ಲ ಅಂತ. ಆಯ್ತು ಎಂಟು ತಿಂಗಳು. ನೀವು ನಗಾಡ್ತೀರಿ ಅಂತ ಹೇಳಲಿಲ್ಲ.”

ನಾನು ನಗಾಡಲಿಲ್ಲ. ನನಗೆ ನಾಗದೋಷದಲ್ಲಿ ನಂಬಿಕೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆ ಹರಕೆ ನಾಗನಿಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ, ನನಗಂತೂ ತಲುಪಿತು.

ಪ್ರಜ್ಞಾಳಿಗೆ ಎಲ್ಲ ಗೊತ್ತಾದದ್ದು ಆಸ್ಪತ್ರೆಯಲ್ಲೇ. ಮನೆಯಲ್ಲಿ ನಾವು ತುಳು ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವವಳು, ಇಲ್ಲಿ ಹುಟ್ಟಿ ಬೆಳೆದ ಮಕ್ಕಳೆಲ್ಲ ಹಾಗೆಯೇ. ಒಂದು ಸಂಜೆ ಸ್ಟೂಲಿನ ಮೇಲೆ ಬಂದು ಕೂತಳು. ಆಮೇಲೆ ಹೇಳಿದಳು, “ಪಪ್ಪಾ, ಮುಝೆ ಲಗಾ ನಿತೇಶ್ ಕೋ ಲೇಕರ್ ಆಪ್ ಗುಸ್ಸಾ ಹೋ. ಇಸೀಲಿಯೇ ಬಾತ್ ನಹೀ ಕರ್ತೇ, ಪಾಸ್ ನಹೀ ಆನೇ ದೇತೇ.”

ದೇವರೇ! ನಾನು ಅವಳ ಮದುವೆಗೋಸ್ಕರ ಮೈ ಮುಚ್ಚಿಕೊಂಡು ತಿರುಗುತ್ತಿದ್ದರೆ, ಅವಳು ತಿಂಗಳುಗಳಿಂದ ಅಪ್ಪನಿಗೆ ತನ್ನ ಮದುವೆಯೇ ಇಷ್ಟವಿಲ್ಲ ಎಂದು ಒಳಗೊಳಗೇ ಬೇಯುತ್ತಿದ್ದಳು. ನಾನು ಅಲ್ಲ ಅಲ್ಲ ಎಂದೆ. ಕೈ ಚಾಚಬೇಕೆಂದುಕೊಂಡೆ. ಬ್ಯಾಂಡೇಜು ನೋಡಿ ಸುಮ್ಮನಾದೆ.

“ನಿತೇಶ್‌ಗೆ ನಾನು ಹೇಳಿದ್ದೇನೆ” ಎಂದಳು ಹಿಂದಿಯಲ್ಲಿ. “ಅವನ ತಕರಾರು ಏನೂ ಇಲ್ಲ. ಅವನ ಅಪ್ಪನಿಗೆ ಮಮ್ಮಿ, ನಿಮಗೆ ಜ್ವರ ಅಂತ ಹೇಳಿದ್ದಾರೆ. ಸುಳ್ಳು ಬೇಡ ಪಪ್ಪಾ. ನೀವೇ ಹೇಳಿ. ಅವರು ಬೇಡ ಅಂದರೆ ಬೇಡ, ಆಮೇಲೆ ನೋಡೋಣ.” ಆಮೇಲೆ ನೋಡೋಣ ಎನ್ನುವಾಗ ಅವಳು ಕಿಟಕಿಯ ಕಡೆ ತಿರುಗಿದಳು. ಅವಳಿಗೆ ಆ ಹುಡುಗ ಎಷ್ಟು ಬೇಕು ಎಂಬುದು ನನಗೆ ಗೊತ್ತಿಲ್ಲದ್ದಲ್ಲ.

ಸುಜಾತಾ ಕೈಮುಗಿದಳು. “ಮದುವೆಯೊಂದು ಆಗ್ಲಿ. ಮತ್ತೆ ಬೇಕಾದ್ರೆ ಮೈಕ್ ಹಿಡಿದು ಹೇಳಿ. ಈಗ ಬಾಯಿ ಬಿಟ್ರೆ ಹುಡುಗಿಯ ಬದುಕು ನೀರಿಗೆ ಹೋಗ್ತದೆ.” ಅವಳ ಹೆದರಿಕೆ ಸುಳ್ಳಲ್ಲ. ಆದರೆ ನನಗೆ ಅಣ್ಣುವಿನ ಮಾತು ಬಂದ ಆ ಗಳಿಗೆಯನ್ನು ಇನ್ನೊಮ್ಮೆ ನುಂಗುವ ಶಕ್ತಿ ಉಳಿದಿರಲಿಲ್ಲ.

ಆಸ್ಪತ್ರೆಯಿಂದ ಬಂದ ಹದಿನೈದನೇ ದಿನ ಕಳಂಬೋಲಿಗೆ ಹೋದೆ. ಮಧ್ಯಾಹ್ನದ ಊಟ ಮುಗಿದು ಹೋಟೆಲು ಖಾಲಿ ಇತ್ತು. ಹೊರಗೆ ಕಬ್ಬಿಣದ ಸರಳು ಇಳಿಸುವ ಸದ್ದು. ಗಲ್ಲಾದಿಂದ ಎದ್ದು ಬಂದ ಭಾಸ್ಕರಣ್ಣ ನನ್ನನ್ನು ಕೂರಿಸಿ ಚಹಾ ತರಿಸಿದರು. ನಾನು ಅಭ್ಯಾಸಬಲದಿಂದ ಬ್ಯಾಗ್ ತೆಗೆದು ಫೋಲ್ಡರನ್ನು ಮೇಜಿನ ಮೇಲೆ ಬಿಡಿಸಿದೆ. ನಾಲ್ಕನೇ ಪುಟ. ಬಾಯಿ ತೆರೆದರೆ ಡಾಕ್ಟರುಗಳಿಗೆ ಹೇಳುವ ಮಾತೇ ಬರುತ್ತಿತ್ತು. ಫೋಲ್ಡರು ಮುಚ್ಚಿ ಬ್ಯಾಗಿಗೆ ಹಾಕಿದೆ. ಅಂಗಿಯ ತೋಳು ಮೇಲೆ ಮಾಡಿ ನನ್ನ ಎರಡೂ ಕೈಗಳನ್ನು ಅವರೆದುರು ಇಟ್ಟೆ.

“ಭಾಸ್ಕರಣ್ಣ, ನನಗೆ ಬಂದದ್ದು ಜ್ವರ ಅಲ್ಲ. ಇದು. ನಿಶ್ಚಯದ ದಿನವೂ ಇತ್ತು, ಮದ್ದು ಹಚ್ಚಿ ಮುಚ್ಚಿಟ್ಟಿದ್ದೆ. ಅವತ್ತು ನೀವು ಅಣ್ಣುವಿನ ವಿಷಯ ಹೇಳಿದ್ರಿ. ಅವನಿಗೆ ಇದ್ದದ್ದು ಇದೇ ಇರಬೇಕು. ಇದು ಅಂಟುವುದಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆ ಆಡಿಸಿದೆ.”

ಅವರು ನನ್ನ ಕೈಗಳನ್ನು ನೋಡಿದರು. ಮುಟ್ಟಲಿಲ್ಲ. “ಪ್ರಜ್ಞಾಗೆ ಬರ್ತದಾ?” ಎಂದರು.

“ಬರಲೂಬಹುದು, ಬರದೆಯೂ ಇರಬಹುದು. ನನ್ನ ಅಪ್ಪನಿಗೆ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಬರುವುದೇ ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ.”

ನಾನು ಚಹಾ ಕುಡಿದು ಮುಗಿಸಿದೆ. ಅವರದು ಹಾಗೆಯೇ ಆರುತ್ತಿತ್ತು. “ಮನೆಯಲ್ಲಿ ಮಾತಾಡಿ ಹೇಳ್ತೇನೆ” ಎಂದರು. ಬಾಗಿಲಿನಿಂದ ತಿರುಗಿ ನೋಡಿದೆ. ಅವರು ನಾನು ಕುಡಿದಿಟ್ಟ ಗ್ಲಾಸನ್ನೇ ನೋಡುತ್ತಾ ಕೂತಿದ್ದರು.

ಐದು ದಿನ ಫೋನು ಬರಲಿಲ್ಲ. ಆ ಐದು ದಿನಗಳಿಗಿಂತ ಆಸ್ಪತ್ರೆಯ ಹನ್ನೊಂದು ದಿನ ಹಗುರ. ಸುಜಾತಾ ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಒಳ್ಳೆಯದಿತ್ತು. ಪ್ರಜ್ಞಾ ಆಫೀಸಿಗೆ ಹೋದಳು, ಬಂದಳು, ಮೊಬೈಲನ್ನು ಮಗುಚಿ ಇಟ್ಟಳು. ಮದುವೆಯ ಕಾಗದದ ಕಟ್ಟು ಬಿಚ್ಚದೆ ಕಪಾಟಿನ ಮೇಲಿತ್ತು.

ಆರನೇ ದಿನ ಬೆಳಗ್ಗೆ ಭಾಸ್ಕರಣ್ಣ ಒಬ್ಬರೇ ನಮ್ಮ ಮನೆಗೆ ಬಂದರು. ಸೋಫಾದಲ್ಲಿ ಕೂತು ನೀರು ಕುಡಿದರು. ಸುಜಾತಾ ಅಡುಗೆಮನೆಯ ಬಾಗಿಲಲ್ಲಿ, ಪ್ರಜ್ಞಾ ಅವಳ ಹಿಂದೆ.

“ಆ ಗ್ಲಾಸನ್ನು ಎಂತ ಮಾಡುವುದು ಅಂತ ಹತ್ತು ನಿಮಿಷ ನೋಡ್ತಾ ಕೂತಿದ್ದೆ ವಸಂತಣ್ಣ. ಸುಳ್ಳು ಹೇಳುವುದಿಲ್ಲ, ಬಿಸಾಡುವ ಅನಿಸಿತು. ಮತ್ತೆ ಎಲ್ಲ ಗ್ಲಾಸಿನ ಜೊತೆ ತೊಳೆಯಲಿಕ್ಕೆ ಹಾಕಿದೆ” ಎಂದರು. “ನಿನ್ನೆ ಅಣ್ಣುವಿಗೆ ಫೋನು ಮಾಡಿದೆ. ಅದು ಅಂಟುವುದಿಲ್ಲವಂತೆ ಮಾರಾಯ, ನನಗೆ ಗೊತ್ತಿರಲಿಲ್ಲ ಅಂದೆ. ಅವನು ಎಂತ ಹೇಳಿದ ಗೊತ್ತುಂಟಾ? ನನಗೆ ಗೊತ್ತಿತ್ತು ಧಣಿ, ಆಸ್ಪತ್ರೆಯ ಚೀಟಿ ತಂದು ತೋರಿಸಿದ್ದೆ, ನೀವು ಕೈಯಲ್ಲಿ ಹಿಡಿಯಲಿಲ್ಲ ಅಂದ.”

ಭಾಸ್ಕರಣ್ಣ ನೀರಿನ ಗ್ಲಾಸನ್ನು ಕೆಳಗಿಟ್ಟರು.

“ವಾಪಸು ಬಾ ಅಂದೆ. ಬೇಡ ಅಂದ. ಸಿಟ್ಟಿನಲ್ಲಿ ಅಲ್ಲ, ಹಾಗೇ ಮೆಲ್ಲ ಹೇಳಿದ. ಇನ್ನು ಅದನ್ನು ಸರಿ ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ.” ಭಾಸ್ಕರಣ್ಣ ಕಣ್ಣೊರೆಸಿಕೊಂಡರು. “ಇನ್ನೊಂದು ಅಂಥದ್ದು ಮಾಡುವುದು ಬೇಡ ಅಂತ ಬಂದೆ. ಮದುವೆ ಆ ದಿನವೇ. ಧಾರೆ ನೀವೇ ಎರೆಯಬೇಕು. ಚಿಕ್ಕಪ್ಪ ದೊಡ್ಡಪ್ಪ ಅಂತ ಬೇರೆಯವರನ್ನು ಮುಂದೆ ಮಾಡ್ಲಿಕ್ಕಿಲ್ಲ.”

ಅಡುಗೆಮನೆಯ ಬಾಗಿಲಿನಿಂದ ಸುಜಾತಾಳ ಅಳು ಕೇಳಿತು. ಪ್ರಜ್ಞಾ ಕೋಣೆಗೆ ಓಡಿದಳು, ನಿತೇಶನಿಗೆ ಫೋನು ಮಾಡಲಿಕ್ಕೆ ಇರಬೇಕು.

ನನ್ನ ಕಾಯಿಲೆ ಹೋಗಿಲ್ಲ. ವಾರಕ್ಕೊಮ್ಮೆ ಮಾತ್ರೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ, ದಿನಾ ಎರಡು ಸಲ ಮೈಗೆ ಎಣ್ಣೆ. ಕೆಲವು ತಿಂಗಳು ಕೈ ಚೆನ್ನಾಗಿರುತ್ತದೆ, ಕೆಲವು ತಿಂಗಳು ಇಲ್ಲ. ಇಷ್ಟು ಸಾಕು, ಗುಣವಾದ ಹಾಗೆಯೇ ಎಂದು ಎಷ್ಟು ಹೇಳಿದರೂ ಸುಜಾತಾ ಬಹಳ ದಿನ ಮೀನು ಮುಟ್ಟಲಿಲ್ಲ, ಕೊನೆಗೆ ಅವಳ ಅಮ್ಮನೇ ಕಾರ್ಕಳದಿಂದ ಫೋನು ಮಾಡಿ ಬಯ್ದ ಮೇಲೆ ಹರಕೆ ಮುಗಿಸಿದಳು. ನನ್ನ ಲೈನು ಅದೇ, ಕ್ಲಿನಿಕ್ಕುಗಳೂ ಅವೇ, ಈಗಲೂ ನಿಂತೇ ಕಾಯುತ್ತೇನೆ. ಆದರೆ ಯಾರಾದರೂ ಪೇಷಂಟಿನ ಪಕ್ಕದಿಂದ ಇನ್ನೊಬ್ಬರು ಎದ್ದು ಹೋದದ್ದು ಕಂಡರೆ, ಬ್ಯಾಗ್ ಹಿಡಿದುಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂರುತ್ತೇನೆ. ಪಾಂಡುರಂಗ ನೋಡಿಯೂ ನೋಡದ ಹಾಗೆ ಇರುತ್ತಾನೆ.

ಮದುವೆಯ ದಿನ ನನ್ನ ಕೈ ಚೆನ್ನಾಗಿರಲಿಲ್ಲ. ಬೆರಳ ಗಂಟುಗಳು ಬಿರಿದಿದ್ದವು, ಅಂಗೈಯಲ್ಲಿ ಹೊಟ್ಟು ಎದ್ದಿತ್ತು. ಡೊಂಬಿವಲಿಯ ಮದುವೆ ಹಾಲ್‌ನ ತುಂಬ ನಮ್ಮವರು, ಎಲ್ಲರ ಕಣ್ಣೂ ಮಂಟಪದ ಮೇಲೆ. ಕೈ ಮುಚ್ಚುವ ಹಾಗೆ ಶಾಲು ಹೊದ್ದುಕೋ ಎಂದು ಯಾರೋ ಸಂಬಂಧಿಕರು ನನ್ನ ಕಿವಿಯಲ್ಲಿ ಹೇಳಲು ಬಂದರು. ಭಾಸ್ಕರಣ್ಣ ಅವರ ಕೈಯಿಂದ ಶಾಲು ತೆಗೆದುಕೊಂಡು ತಮ್ಮ ಹೆಗಲ ಮೇಲೆ ಹಾಕಿಕೊಂಡರು. “ಹೆಣ್ಣಿನ ಅಪ್ಪ ಬರ್ಲಿ” ಎಂದರು, ಎಲ್ಲರಿಗೂ ಕೇಳುವ ಹಾಗೆ.

ಸುಜಾತಾ ಗಿಂಡಿ ಹಿಡಿದುಕೊಂಡಳು. ನಾನು ಪ್ರಜ್ಞಾಳ ಕೈಯನ್ನು ನಿತೇಶನ ಕೈಯಲ್ಲಿಡಬೇಕು. ಒಂದು ವರ್ಷವಾಗುತ್ತ ಬಂದಿತ್ತು ನಾನು ಆ ಕೈ ಹಿಡಿಯದೆ. ಒರಟು ತಾಗಬಾರದೆಂದು, ಬೆರಳ ತುದಿಗಳಿಂದ ಮಾತ್ರ, ತಾಗಿಯೂ ತಾಗದ ಹಾಗೆ ಹಿಡಿದೆ. ಪ್ರಜ್ಞಾ ತಲೆ ಎತ್ತಿ ನನ್ನನ್ನು ನೋಡಿದಳು. ಹುಟ್ಟಿದಂದಿನಿಂದ ತುಳುವಿನಲ್ಲಿ ಕೇಳಿ ಹಿಂದಿಯಲ್ಲೇ ಉತ್ತರ ಕೊಟ್ಟವಳು, ಅವತ್ತು ಎಲ್ಲರೆದುರು ತುಳುವಿನಲ್ಲೇ ಹೇಳಿದಳು.

“ಗಟ್ಟಿ ಪತ್ತ್‌ಲೆ, ಪಪ್ಪಾ.”

ಗಟ್ಟಿಯಾಗಿ ಹಿಡಿದೆ. ಸುಜಾತಾ ನೀರೆರೆದಳು.